ಒಂದೇ ದುಡ್ಡಿಗೆ ಯಾವ ಕಾರು? ಮನೆಮಂದಿಗೆ ಸೆಕೆಂಡ್ ಹ್ಯಾಂಡ್ ಕಾರು ಆರಿಸುವ ಬಗೆ

ಕೈಯಲ್ಲಿರುವ ದುಡ್ಡು ಒಂದೇ. ಆದರೆ ಅದೇ ದುಡ್ಡಿಗೆ ಮೂರು ಥರದ ಕಾರು ಸಿಗುತ್ತವೆ. ನಾಲ್ಕೈದು ವರ್ಷ ಓಡಿದ ಸಣ್ಣ ಹ್ಯಾಚ್‌ಬ್ಯಾಕ್, ಎಂಟು ವರ್ಷದ ಒಳ್ಳೆ ಸೆಡಾನ್, ಹನ್ನೆರಡು ವರ್ಷದ ದುಬಾರಿ ಬ್ರ್ಯಾಂಡಿನ ದೊಡ್ಡ ಕಾರು. ಮೂರನ್ನೂ ಸಾಲಾಗಿ ನಿಲ್ಲಿಸಿದರೆ ಕಣ್ಣು ಹೋಗುವುದು ಮೂರನೆಯದರ ಕಡೆಗೇ. ಲೆದರ್ ಸೀಟು, ಸನ್‌ರೂಫ್, ಬಾಗಿಲು ಮುಚ್ಚಿದಾಗ ಬರುವ ಆ ಗಟ್ಟಿ ಸದ್ದು. ಅಷ್ಟೆಲ್ಲ ಇದ್ದೂ ಬೆಲೆ ಮಾತ್ರ ಸಣ್ಣ ಕಾರಿನದ್ದು!

ಆ ದೊಡ್ಡ ಕಾರಿನ ಬೆಲೆ ಇಳಿದಿದೆ, ನಿಜ. ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಹೊಸದಾಗಿದ್ದಾಗ ದುಬಾರಿಯಾಗಿದ್ದ ಕಾರು ರಿಪೇರಿಗೆ ಬಂದಾಗ ಇವತ್ತಿಗೂ ದುಬಾರಿಯೇ. ಏರ್ ಸಸ್ಪೆನ್ಷನ್ ಒಂದು ಕಡೆ ಕೂತುಬಿಟ್ಟರೆ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ, ಬರುವ ಬಿಲ್ಲು ಕೊಂಡ ಬೆಲೆಯ ಅರ್ಧಕ್ಕೂ ಹೋಗಬಹುದು. ಹಾಗಾಗಿ ಬಿಗಿ ಬಜೆಟ್ಟಿನ ಮನೆಗೆ, ದಿನನಿತ್ಯದ ಓಡಾಟಕ್ಕೆ ಅಂತಾದರೆ, ಆ ಮೂರನೆಯದನ್ನು ನಾನು ಪಟ್ಟಿಯಿಂದಲೇ ತೆಗೆಯುತ್ತೇನೆ. ಹೋಲಿಸಿ ನೋಡಬೇಕಾದದ್ದು ಉಳಿದ ಎರಡನ್ನು.

ನನ್ನ ಲೆಕ್ಕ ಸರಳ. ಯಂತ್ರ ಸರಳವಾಗಿರುವ ಮಾಡೆಲ್‌ಗಳನ್ನು ಮೊದಲು ಸೋಸಿಕೊಳ್ಳಿ. ಆಮೇಲೆ ಅವುಗಳಲ್ಲಿ ಚೆನ್ನಾಗಿ ನೋಡಿಕೊಂಡ ಒಂದು ಕಾರನ್ನು ಹುಡುಕಿ. ಎಷ್ಟೇ ಒಳ್ಳೆ ಹೆಸರಿನ ಮಾಡೆಲ್ ಆದರೂ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದೆ ಓಡಿಸಿದ್ದರೆ ಅದು ತಲೆನೋವೇ. ಸಾಧಾರಣ ಹೆಸರಿನ ಕಾರು ಸರ್ವಿಸ್ ಬಿಲ್ಲುಗಳ ಸಮೇತ ಸಿಕ್ಕರೆ ಹೆಚ್ಚಿನ ಸಲ ಅದೇ ವಾಸಿ. ಮತ್ತೊಂದು ವಿಷಯ, ಇರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. ನೂರರಲ್ಲಿ ಹದಿನೈದು ಪಾಲನ್ನಾದರೂ ಪಕ್ಕಕ್ಕಿಡಿ. ಯಾವ ಹಳೇ ಕಾರು ತಂದರೂ ಮೊದಲ ಕೆಲವು ತಿಂಗಳಲ್ಲಿ ಟೈರೋ, ಬ್ಯಾಟರಿಯೋ, ಬ್ರೇಕ್ ಪ್ಯಾಡೋ ಏನಾದರೊಂದು ಕೇಳಿಯೇ ಕೇಳುತ್ತದೆ.

ವಯಸ್ಸಾ, ಕಿಲೋಮೀಟರಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಓಡಿದೆ?’ ಅಂತ. ಕಡಿಮೆ ಓಡಿದ್ದರೆ ಒಳ್ಳೆಯದು ಅನ್ನುವುದು ಅರ್ಧ ಮಾತ್ರ ನಿಜ.

ಹತ್ತು ವರ್ಷದಲ್ಲಿ 40,000 ಕಿಮೀ ಓಡಿದ ಕಾರನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಬರೀ 4,000 ಕಿಮೀ. ಅಂದರೆ ಹೆಚ್ಚಿನ ಓಡಾಟ ಹತ್ತಿರ ಹತ್ತಿರಕ್ಕೇ ಆಗಿರುತ್ತದೆ. ಐದು ನಿಮಿಷ ಓಡಿ ನಿಂತರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಸುಡದೆ ಉಳಿದ ಇಂಧನ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಬೆರೆಯುತ್ತವೆ. ‘ಜಾಸ್ತಿ ಓಡೇ ಇಲ್ಲವಲ್ಲ’ ಅಂತ ಮಾಲೀಕರು ಆಯಿಲ್ಲನ್ನೂ ಬದಲಿಸಿರುವುದಿಲ್ಲ. ಕಾರು ನಿಂತಲ್ಲೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರು, ಕೂಲಂಟ್ ಹೋಸ್, ಸಸ್ಪೆನ್ಷನ್ ಬುಶ್, ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಎಲ್ಲವೂ ಕಿಲೋಮೀಟರ್ ಜೊತೆಗೆ ವರ್ಷವನ್ನೂ ಎಣಿಸುತ್ತವೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಬಹಳಷ್ಟು ಕಂಪನಿಗಳು ಹೇಳುವುದು ಅದಕ್ಕೇ.

ಈಗ ಆರು ವರ್ಷದಲ್ಲಿ 1,10,000 ಕಿಮೀ ಓಡಿದ ಕಾರು ನೋಡಿ. ಅದರಲ್ಲಿ ಬಹುಪಾಲು ಹೆದ್ದಾರಿಯ ಓಟ. ಹೆದ್ದಾರಿಯಲ್ಲಿ ಎಂಜಿನ್ ಒಂದೇ ಹದದಲ್ಲಿ ಓಡುತ್ತದೆ. ಕ್ಲಚ್ ತುಳಿಯುವುದು ಕಡಿಮೆ, ಬ್ರೇಕ್ ಒತ್ತುವುದು ಕಡಿಮೆ, ಬಾಗಿಲು ತೆಗೆದು ಮುಚ್ಚುವುದೂ ಕಡಿಮೆ. ಪ್ರತಿ 10,000 ಕಿಮೀಗೆ ಆಯಿಲ್ ಬದಲಿಸಿದ ಬಿಲ್ಲುಗಳಿದ್ದರೆ ಈ ಕಾರನ್ನು ನಾನು ಕಣ್ಣುಮುಚ್ಚಿ ತಿರಸ್ಕರಿಸುವುದಿಲ್ಲ. ಇಂಥ ಕಾರಿನ ಬೆಲೆಯೂ ಕಡಿಮೆ ಇರುತ್ತದೆ, ಏಕೆಂದರೆ ಎಲ್ಲರೂ ಮೀಟರ್ ನೋಡಿ ಹೆದರುತ್ತಾರೆ.

ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಡಿಜಿಟಲ್ ಆದರೆ ಆಗುವುದಿಲ್ಲ ಅಂದುಕೊಳ್ಳಬೇಡಿ, ಅದನ್ನೂ ತಿದ್ದುತ್ತಾರೆ. ಹಾಗಾಗಿ ಮೀಟರ್ ಹೇಳುವುದನ್ನು ಕಾರಿನ ಮೈ ಒಪ್ಪುತ್ತದಾ ನೋಡಿ. ಬ್ರೇಕ್ ಪೆಡಲ್ಲಿನ ರಬ್ಬರ್ ಗೆರೆಗಳು ಸವೆದು ನುಣ್ಣಗಾಗಿವೆಯೇ? ಸ್ಟೀರಿಂಗ್ ಮೇಲ್ಭಾಗ ಹೊಳೆಯುತ್ತಿದೆಯೇ? ಡ್ರೈವರ್ ಸೀಟಿನ ಹೊರಗಡೆಯ ಅಂಚು, ಅಂದರೆ ಹತ್ತಿ ಇಳಿಯುವಾಗ ತೊಡೆ ಉಜ್ಜುವ ಜಾಗ, ಕುಸಿದಿದೆಯೇ? 35,000 ಕಿಮೀ ಓಡಿದ ಕಾರಿನಲ್ಲಿ ಇದ್ಯಾವುದೂ ಇರಬಾರದು. ಹಳೇ ಸರ್ವಿಸ್ ಬಿಲ್ಲುಗಳಲ್ಲಿ ದಿನಾಂಕದ ಪಕ್ಕ ಕಿಲೋಮೀಟರ್ ಬರೆದಿರುತ್ತಾರೆ. ಅವನ್ನು ಒಂದರ ಕೆಳಗೆ ಒಂದು ಬರೆದುಕೊಂಡು ನೋಡಿ. ಎಲ್ಲಾದರೂ ಲೆಕ್ಕ ಹಿಂದೆ ಹೋದರೆ ಅಲ್ಲಿಗೆ ಮಾತು ಮುಗಿಯಿತು.

ಪೆಟ್ರೋಲ್, ಡೀಸೆಲ್, ಹೈಬ್ರಿಡ್, ಎಲೆಕ್ಟ್ರಿಕ್

ಮಕ್ಕಳನ್ನು ಶಾಲೆಗೆ ಬಿಡುವುದು, ಕೆಲಸಕ್ಕೆ ಹೋಗುವುದು, ದಿನಸಿ ತರುವುದು, ಆಗಾಗ ಒಂದು ದೂರದ ಪ್ರಯಾಣ. ಇಷ್ಟೇ ಆದರೆ ಟರ್ಬೊ (ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಭಾಗ) ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ನೇ ನನ್ನ ಮೊದಲ ಆಯ್ಕೆ. ಕೆಡುವ ಭಾಗಗಳು ಕಡಿಮೆ. ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ. ಹಳೇ ಬಗೆಯ ಪೋರ್ಟ್ ಇಂಜೆಕ್ಷನ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಹಿಂಬದಿಗೆ ಸಿಂಪಡಿಸಿ ಅದನ್ನು ತೊಳೆಯುತ್ತಾ ಇರುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುವುದರಿಂದ ವಾಲ್ವ್ ಮೇಲೆ ಮಸಿ ಕಟ್ಟುವ ತೊಂದರೆ ಹೆಚ್ಚು. ಸಣ್ಣ ಟರ್ಬೊ ಪೆಟ್ರೋಲ್ ಓಡಿಸಲು ಖುಷಿ ಕೊಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನೇ ಮಾಲೀಕನ ಕೈಗೆ ಬರುವ ಹೊತ್ತಿಗೆ ಆ ಟರ್ಬೊವನ್ನು ಹಿಂದಿನವರು ಹೇಗೆ ಓಡಿಸಿದ್ದರೋ ಯಾರು ಬಲ್ಲರು?

ಎಂಜಿನ್ ಒಳಗೆ ಇನ್ನೊಂದು ಹೋಲಿಕೆ ಇದೆ. ಟೈಮಿಂಗ್ ಬೆಲ್ಟಾ, ಚೈನಾ? ಬೆಲ್ಟಾದರೆ ಕಂಪನಿ ಹೇಳಿದ ಅವಧಿಗೆ ಬದಲಿಸಲೇಬೇಕು. ಬಹಳಷ್ಟು ಕಾರುಗಳಲ್ಲಿ ಅದು 1,00,000 ಕಿಮೀ ಆಸುಪಾಸು. ಓಡುವಾಗ ಬೆಲ್ಟ್ ತುಂಡಾದರೆ ಹೆಚ್ಚಿನ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಎಂಜಿನ್ ಕಥೆ ಮುಗಿದ ಹಾಗೆ. ಹಾಗಾಗಿ ‘ಬೆಲ್ಟ್ ಬದಲಿಸಿದ್ದೀವಿ’ ಅನ್ನುವ ಬಾಯಿಮಾತು ಸಾಲದು, ಬಿಲ್ಲು ಬೇಕು. ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಚೈನಾದರೆ ಸಾಮಾನ್ಯವಾಗಿ ಎಂಜಿನ್ ಬಾಳುವಷ್ಟು ಕಾಲ ಬಾಳುತ್ತದೆ, ಆಯಿಲ್ ಚೊಕ್ಕವಾಗಿದ್ದರೆ ಮಾತ್ರ. ಇವೆರಡರ ನಡುವೆ ಆಯಿಲ್ ಒಳಗೇ ಓಡುವ ಬೆಲ್ಟ್ ಅಂತ ಒಂದಿದೆ. ಫೋರ್ಡಿನ 1.0 ಲೀಟರ್ ಇಕೋಬೂಸ್ಟ್, ಪ್ಯೂಜೋ ಮತ್ತು ಸಿಟ್ರೊಯೆನ್ ಕಾರುಗಳ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್‌ಗಳಲ್ಲಿ ಇಂಥದ್ದು ಬಂದಿತ್ತು. ಬೆಲ್ಟಿನ ಪುಡಿ ಉದುರಿ ಆಯಿಲ್ ಜಾಲರಿ ಕಟ್ಟಿಕೊಳ್ಳುವ ದೂರು ಇವುಗಳ ಬಗ್ಗೆ ಜಾಸ್ತಿ. ಬೆಲ್ಟ್ ಹೊಸದು ಹಾಕಿದ ದಾಖಲೆ ಇಲ್ಲದೆ ಇವುಗಳ ಹತ್ತಿರ ಹೋಗಬೇಡಿ.

ಡೀಸೆಲ್ ಯಾರಿಗೆ? ದಿನಾ ಹೆದ್ದಾರಿಯಲ್ಲಿ ದೂರ ಓಡುವವರಿಗೆ. ಈಗಿನ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಹಿಡಿದ ಮಸಿಯನ್ನು ಅದು ಸುಟ್ಟು ಖಾಲಿ ಮಾಡಿಕೊಳ್ಳಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕಾಗುತ್ತದೆ. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಲೈಟು ಉರಿಯುತ್ತದೆ, ಗ್ಯಾರೇಜಿಗೆ ಓಡಾಟ ಶುರು. ಇಂಜೆಕ್ಟರು, ಟರ್ಬೊ, ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್, ಎಲ್ಲವೂ ಕೈಸುಡುವ ಭಾಗಗಳು. ಮೈಲೇಜಿನಲ್ಲಿ ಉಳಿಸಿದ್ದು ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟರೂ ಇರುವ ಹೈಬ್ರಿಡ್ ಅಂದರೆ ಜನ ಬ್ಯಾಟರಿಗೆ ಹೆದರುತ್ತಾರೆ. ಆ ಹೆದರಿಕೆ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅನ್ನುವುದು ನನ್ನ ಅಭಿಪ್ರಾಯ. ಟೊಯೋಟಾ ಪ್ರಿಯಸ್ 1997ರಲ್ಲಿ ಜಪಾನಿನಲ್ಲಿ ಬಂತು. ಆಮೇಲೆ ಹಲವು ದೇಶಗಳಲ್ಲಿ ಟ್ಯಾಕ್ಸಿಯಾಗಿಯೇ ದುಡಿಯಿತು. ಅದರಲ್ಲಿ ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಗೇರ್‌ಬಾಕ್ಸ್‌ನಲ್ಲಿ ಬೆಲ್ಟ್ ಬದಲು ಗಟ್ಟಿ ಹಲ್ಲಿನ ಗೇರುಗಳಿವೆ. ನಿಧಾನಿಸುವ ಕೆಲಸದ ಒಂದು ಪಾಲನ್ನು ಮೋಟರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಬಹಳ ದಿನ ಬರುತ್ತದೆ. ನೋಡಲೇಬೇಕಾದ ಒಂದು ಸಣ್ಣ ಜಾಗ ಇದೆ. ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇರುತ್ತದೆ, ಬ್ಯಾಟರಿ ತಣ್ಣಗಿಡುವ ಗಾಳಿ ಹೋಗುವ ಬಾಯಿ ಅದು. ಧೂಳು, ನಾಯಿ ಕೂದಲು ತುಂಬಿದ್ದರೆ ಬ್ಯಾಟರಿ ಕಾದು ಕಾದು ಸೊರಗಿರುತ್ತದೆ. ಆ ಜಾಲರಿ ಚೊಕ್ಕವಾಗಿದ್ದು, ಬ್ಯಾಟರಿ ತಪಾಸಣೆಯ ವರದಿ ಚೆನ್ನಾಗಿದ್ದರೆ, ಊರೊಳಗೆ ನಿಂತು ನಿಂತು ಓಡುವವರಿಗೆ ಹೈಬ್ರಿಡ್ ಬಹಳ ಒಳ್ಳೆಯ ಕಾರು.

ಹಳೇ ಎಲೆಕ್ಟ್ರಿಕ್ ಕಾರು ಅಗ್ಗಕ್ಕೆ ಸಿಗುತ್ತದೆ. ತಿರುಗುವ ಭಾಗಗಳು ಕಡಿಮೆ, ಆಯಿಲ್ ಬದಲಿಸುವ ಗೋಜಿಲ್ಲ. ಆದರೆ ಕೊಳ್ಳುವುದು ಬ್ಯಾಟರಿಯನ್ನು, ಕಾರು ಅದರ ಜೊತೆಗೆ ಬರುತ್ತದೆ ಅಷ್ಟೇ. 2010ರಲ್ಲಿ ಬಂದ ನಿಸಾನ್ ಲೀಫ್‌ನಲ್ಲಿ ಬ್ಯಾಟರಿಯನ್ನು ತಂಪು ಮಾಡಲು ದ್ರವದ ವ್ಯವಸ್ಥೆ ಇರಲಿಲ್ಲ. ಬಿಸಿ ಪ್ರದೇಶದಲ್ಲಿ ಓಡಿದ ಲೀಫ್‌ಗಳ ಬ್ಯಾಟರಿ ಬೇಗ ಕುಗ್ಗಿತು. ಅದರ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ 12 ಗೆರೆಗಳಿರುತ್ತವೆ, ಎಷ್ಟು ಉಳಿದಿವೆ ಅಂತ ಎಣಿಸಿ. ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲ ಇದ್ದು, ದಿನದ ಓಡಾಟ ಬ್ಯಾಟರಿಯ ಅರ್ಧದೊಳಗೆ ಮುಗಿಯುವಂತಿದ್ದರೆ ಧೈರ್ಯ ಮಾಡಬಹುದು. ಮನೆಗೆ ಅದೊಂದೇ ಕಾರಾದರೆ ನಾನು ಹಿಂದೆ ಮುಂದೆ ನೋಡುತ್ತೇನೆ.

ಗೇರ್‌ಬಾಕ್ಸ್ ವಿಷಯ

ಹಳೇ ಕಾರಿನಲ್ಲಿ ಎಂಜಿನ್‌ಗಿಂತ ಗೇರ್‌ಬಾಕ್ಸ್ ನಿಮ್ಮನ್ನು ಬೀದಿಗೆ ತರುವ ಸಾಧ್ಯತೆ ಜಾಸ್ತಿ. ಮ್ಯಾನ್ಯುಅಲ್ ಎಲ್ಲಕ್ಕಿಂತ ಸರಳ. ಹೋದರೆ ಕ್ಲಚ್ ಪ್ಲೇಟ್ ಹೋಗುತ್ತದೆ, ಬದಲಿಸಿದರೆ ಮುಗಿಯಿತು.

ಆಟೋಮ್ಯಾಟಿಕ್ ಬೇಕೇ ಬೇಕು ಅನ್ನುವವರು ಅದರೊಳಗಿನ ಬಗೆ ಯಾವುದು ಅಂತ ಕೇಳಿ ತಿಳಿದುಕೊಳ್ಳಬೇಕು. ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಹಳೇ ಬಗೆಯ ಟಾರ್ಕ್ ಕನ್ವರ್ಟರ್ ನನ್ನ ನೆಚ್ಚಿನದು. ಸ್ವಲ್ಪ ಇಂಧನ ಜಾಸ್ತಿ ಕುಡಿಯಬಹುದು, ಬಾಳಿಕೆ ಮಾತ್ರ ಗಟ್ಟಿ. ಸಿವಿಟಿಯಲ್ಲಿ ಎರಡು ರಾಟೆಗಳ ನಡುವೆ ಲೋಹದ ಬೆಲ್ಟ್ ಓಡುತ್ತದೆ. ನುಣುಪಾಗಿ ಸಾಗುತ್ತದೆ, ಮೈಲೇಜ್ ಚೆನ್ನಾಗಿರುತ್ತದೆ. ಆದರೆ ಅದರ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿರಬೇಕು. ಕೆಲವು ಕಂಪನಿಗಳ ಸಿವಿಟಿ ಚೆನ್ನಾಗಿ ಬಾಳಿವೆ, 2010ರ ದಶಕದ ಹಲವು ನಿಸಾನ್ ಸಿವಿಟಿಗಳು ಕೆಟ್ಟ ಹೆಸರು ತಂದುಕೊಂಡವು. ಎರಡು ಕ್ಲಚ್ಚುಗಳು ಸರದಿಯಲ್ಲಿ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಬಗ್ಗೆ ಇನ್ನೂ ಎಚ್ಚರ. ಅದರಲ್ಲೂ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನವು ಟ್ರಾಫಿಕ್‌ನಲ್ಲಿ ತೆವಳಿ ತೆವಳಿ ಬೇಗ ಸವೆಯುತ್ತವೆ. 2010ರ ದಶಕದ ಮೊದಲರ್ಧದ ಫೋರ್ಡ್ ಫಿಯೆಸ್ಟಾ, ಫೋಕಸ್ ಕಾರುಗಳ ಒಣ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ನಡುಗುವ ತೊಂದರೆಗೆ ಅಮೆರಿಕದಲ್ಲಿ ಮಾಲೀಕರೆಲ್ಲ ಸೇರಿ ಕೋರ್ಟಿಗೇ ಹೋಗಿದ್ದರು. ಅದೇ ಕಾರುಗಳ ಮ್ಯಾನ್ಯುಅಲ್ ಆವೃತ್ತಿಗೆ ಈ ಕಾಟವೇ ಇಲ್ಲ. ನೋಡಿ, ಒಂದೇ ಮಾಡೆಲ್, ಒಂದೇ ವರ್ಷ, ಗೇರ್‌ಬಾಕ್ಸ್ ಬೇರೆ ಆದ್ದರಿಂದ ಎರಡು ಬೇರೆ ಕಾರುಗಳೇ ಆದವು.

ಕೆಲವು ಹೆಸರುಗಳು

ಮಾಡೆಲ್ ಹೆಸರು ಹೇಳಿ ಅಂದರೆ ಮೊದಲು ಹೇಳುವುದು ಟೊಯೋಟಾ ಕೊರೊಲ್ಲಾ. 1966ರಿಂದ ಬರುತ್ತಿದೆ, 5 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಬಿಡಿಭಾಗ ಸಿಗದ ಊರಿಲ್ಲ, ಕೈಯಾಡಿಸದ ಮೆಕ್ಯಾನಿಕ್ ಇಲ್ಲ. ಇದರ ಒಂದೇ ತೊಂದರೆ, ಎಲ್ಲರಿಗೂ ಇದು ಗೊತ್ತು. ಹಾಗಾಗಿ ಬೆಲೆ ಇಳಿಯುವುದಿಲ್ಲ. ಅದೇ ದುಡ್ಡಿಗೆ ಬೇರೆ ಕಂಪನಿಯ ಎರಡು ವರ್ಷ ಹೊಸ ಕಾರು ಸಿಗಬಹುದು.

ಸಾಮಾನು ಜಾಸ್ತಿ ಸಾಗಿಸುವ ಸಣ್ಣ ಸಂಸಾರಕ್ಕೆ ಹೋಂಡಾ ಜಾಝ್ ನೋಡಿ. ಕೆಲವು ದೇಶಗಳಲ್ಲಿ ಇದರ ಹೆಸರು ಫಿಟ್. 2001ರಲ್ಲಿ ಮೊದಲು ಬಂತು. ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟುಗಳ ಕೆಳಗೆ ಇಟ್ಟಿದ್ದಾರೆ. ಹಾಗಾಗಿ ಹಿಂದಿನ ಸೀಟಿನ ಕೂರುವ ಭಾಗವನ್ನು ಮೇಲಕ್ಕೆತ್ತಿ ಎತ್ತರದ ಗಿಡದ ಕುಂಡವನ್ನೋ ಸೈಕಲ್ಲನ್ನೋ ನಿಲ್ಲಿಸಬಹುದು. ಹೊರಗೆ ಪುಟ್ಟದು, ಒಳಗೆ ದೊಡ್ಡ ಮನೆ. ಸುಜುಕಿ ಸ್ವಿಫ್ಟ್ ಹಗುರವಾದ ಕಾರು. ಹಗುರ ಆದ್ದರಿಂದ ಟೈರು, ಬ್ರೇಕು, ಸಸ್ಪೆನ್ಷನ್ ಮೇಲೆ ಭಾರ ಕಡಿಮೆ, ಖರ್ಚೂ ಕಡಿಮೆ. ಡಿಕ್ಕಿ ಚಿಕ್ಕದು, ಹಿಂದೆ ಮೂವರು ದೊಡ್ಡವರಿಗೆ ಇಕ್ಕಟ್ಟು. ಆಟೋಮ್ಯಾಟಿಕ್ ಬೇಕಾದವರು ಮಜ್ದಾ 3 ಕಡೆ ಕಣ್ಣು ಹಾಯಿಸಬಹುದು. ಸ್ಕೈಆಕ್ಟಿವ್ ಅನ್ನುವ ಎಂಜಿನ್-ಗೇರ್‌ಬಾಕ್ಸ್ ಸರಣಿ ಬಂದ ಕಾಲದಿಂದ ಅದರಲ್ಲಿ ಆರು ಗೇರಿನ ಟಾರ್ಕ್ ಕನ್ವರ್ಟರನ್ನೇ ಇಟ್ಟುಕೊಂಡಿದ್ದಾರೆ.

ಎಸ್‌ಯುವಿ ಬೇಕಾ? ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಸೀಟು ಎತ್ತರ ಇರುವುದು ನಿಜಕ್ಕೂ ಉಪಕಾರ. ಬಗ್ಗಿ ಕೂರಬೇಕಿಲ್ಲ, ಎದ್ದೇಳಲು ಹೆಣಗಬೇಕಿಲ್ಲ. ಉಳಿದವರು ಬರೀ ನೋಟಕ್ಕೆ ಅಂತ ಕೊಂಡರೆ ದೊಡ್ಡ ಟೈರಿನ ಬೆಲೆ, ಕಡಿಮೆ ಮೈಲೇಜ್, ಎರಡನ್ನೂ ಹೊರಬೇಕಾಗುತ್ತದೆ. ಏಳು ಸೀಟಿನ ಕಾರು ವರ್ಷಕ್ಕೆ ಎರಡು ಸಲ ಬರುವ ನೆಂಟರಿಗೋಸ್ಕರ ಬೇಡ.

ಸುರಕ್ಷತೆಯಲ್ಲಿ ಚೌಕಾಸಿ ಬೇಡ

ಬಜೆಟ್ ಎಷ್ಟೇ ಬಿಗಿಯಾಗಿರಲಿ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಮುಂದೆ ಎರಡು ಏರ್‌ಬ್ಯಾಗ್, ಇಎಸ್‌ಸಿ, ಮಕ್ಕಳ ಸೀಟಿಗೆ ಐಸೋಫಿಕ್ಸ್ ಕೊಂಡಿ ಇರುವ ಕಾರನ್ನೇ ಹುಡುಕಿ. ತಿರುವಿನಲ್ಲಿ ಕಾರು ಜಾರಿದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ದಾರಿಗೆ ತರುವುದು ಈ ಇಎಸ್‌ಸಿ. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಬೇರೆ ಕಡೆ ಮಾರಿದ ಅದೇ ಮಾಡೆಲ್‌ನಲ್ಲಿ ಇಲ್ಲದಿರಬಹುದು, ಕೇಳಿ ನೋಡಿ. ಕ್ರ್ಯಾಶ್ ಟೆಸ್ಟಿನ ಸ್ಟಾರ್ ನೋಡುವಾಗ ಯಾವ ವರ್ಷದ ಪರೀಕ್ಷೆ ಅನ್ನುವುದನ್ನೂ ನೋಡಿ. ಪರೀಕ್ಷೆಯ ನಿಯಮಗಳು ಬಿಗಿಯಾಗುತ್ತಲೇ ಬಂದಿವೆ. 2005ರ ಐದು ಸ್ಟಾರ್, 2018ರ ಐದು ಸ್ಟಾರ್ ಎರಡೂ ಒಂದೇ ಅಲ್ಲ.

ಏರ್‌ಬ್ಯಾಗ್ ವಿಚಾರದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿನ ಅಮೋನಿಯಂ ನೈಟ್ರೇಟ್ ಪುಡಿ ವರ್ಷಗಟ್ಟಲೆ ಸೆಕೆ, ತೇವಕ್ಕೆ ಸಿಕ್ಕು ಕೆಡುತ್ತಿತ್ತು. ಏರ್‌ಬ್ಯಾಗ್ ಬಿಚ್ಚುವಾಗ ಲೋಹದ ಚೂರುಗಳು ಸಿಡಿದು ಜನ ಸತ್ತರು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ಹಿಂದಕ್ಕೆ ಕರೆದರು. 2000ದಿಂದ 2010ರ ದಶಕದ ಮಧ್ಯದವರೆಗಿನ ಹಲವು ಕಂಪನಿಗಳ ಕಾರುಗಳಲ್ಲಿ ಇವು ಇದ್ದವು. ಬದಲಿಸದೆ ಉಳಿದವು ಇನ್ನೂ ರಸ್ತೆಯಲ್ಲಿವೆ. ಕಾರಿನ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಬರೆದುಕೊಂಡು ಆ ಕಾರಿನ ಕಂಪನಿಯವರ ಹತ್ತಿರ ಕೇಳಿದರೆ ಯಾವ ರಿಕಾಲ್ ಬಾಕಿ ಇದೆ ಅಂತ ಹೇಳುತ್ತಾರೆ. ಏರ್‌ಬ್ಯಾಗ್ ಬದಲಿಸುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಯಾರ ಕೈಯಿಂದ ಕೊಳ್ಳುವುದು?

ನೇರ ಮಾಲೀಕರಿಂದ ಕೊಂಡರೆ ಬೆಲೆ ಕಡಿಮೆ, ಜೊತೆಗೆ ಕಾರಿನ ಕಥೆಯೂ ಸಿಗುತ್ತದೆ. ಎದುರಿಗೆ ಕೂತು ಮಾತಾಡಿದರೆ ಹತ್ತು ನಿಮಿಷದಲ್ಲಿ ಅವರು ಕಾರನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಕೊನೇ ಸಲ ಆಯಿಲ್ ಯಾವಾಗ ಬದಲಿಸಿದಿರಿ ಅಂದರೆ ಥಟ್ಟನೆ ಉತ್ತರ ಬರುತ್ತದಾ ನೋಡಿ. ಆದರೆ ಮಾರಿದ ಮೇಲೆ ಅವರ ಹೊಣೆ ಮುಗಿಯಿತು. ಡೀಲರ್ ಹತ್ತಿರ ಬೆಲೆ ಜಾಸ್ತಿ. ಬದಲಿಗೆ ವಾರಂಟಿ, ಕಾಗದಪತ್ರದ ಕೆಲಸ ಸಿಗಬೇಕು. ವಾರಂಟಿಯಲ್ಲಿ ಗೇರ್‌ಬಾಕ್ಸ್ ಸೇರಿದೆಯಾ ಅಂತ ಬರಹದಲ್ಲೇ ಓದಿ. ಕಂಪನಿಗಳು ಸಿಬ್ಬಂದಿಗೆ ಕೊಟ್ಟು ನಾಲ್ಕು ವರ್ಷಕ್ಕೆ ಮಾರುವ ಕಾರುಗಳು ಹೆಚ್ಚು ಓಡಿರುತ್ತವೆ, ಆದರೆ ಸರ್ವಿಸ್ ತಪ್ಪಿರುವುದಿಲ್ಲ. ನನಗೆ ಇವು ಇಷ್ಟ. ಹರಾಜಿನಲ್ಲಿ ಕೊಳ್ಳುವುದು ಕಾರಿನ ಬಗ್ಗೆ ಬಲ್ಲವರ ಕೆಲಸ, ಮೊದಲ ಸಲದವರು ದೂರ ಇರಿ.

ಯಾರೇ ಮಾರಲಿ, ಕಾರಿನ ಮೇಲೆ ಸಾಲ ಬಾಕಿ ಇಲ್ಲ ಅನ್ನುವುದಕ್ಕೆ ಪತ್ರ, ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಕಾಗದದ ಜೊತೆ ಹೊಂದುವುದು, ಇಷ್ಟು ಆಗದೆ ಮುಂಗಡ ಕೊಡಬೇಡಿ.

ನೋಡಲು ಹೋದಾಗ

ಹಗಲಿನಲ್ಲಿ ಹೋಗಿ. ಮಳೆಯಲ್ಲಿ ನೆನೆದ ಕಾರಿನ ಪೇಂಟ್ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಒಣಗಿದ ಮೇಲೆ ನೋಡಿ. ಮುಂಚೆಯೇ ಫೋನ್ ಮಾಡಿ ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿರಬಹುದು. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಚೈನ್ ಸಡಿಲಾಗಿದ್ದರೆ ಮೊದಲ ಕೆಲವು ಕ್ಷಣ ಗಡಗಡ ಸದ್ದು ಬರುತ್ತದೆ. ಹೊಗೆ ಇದ್ದರೆ ಆಗಲೇ ಕಾಣುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ದಟ್ಟ ಬಿಳಿ ಹೊಗೆ ನಿಲ್ಲದೆ ಬಂದು, ಸಿಹಿ ವಾಸನೆ ಇದ್ದರೆ ಕೂಲಂಟ್ ಸಿಲಿಂಡರ್ ಒಳಗೆ ಸೇರುತ್ತಿದೆ. ಚಳಿಯಲ್ಲಿ ತೆಳ್ಳಗೆ ಬಂದು ಎರಡು ನಿಮಿಷದಲ್ಲಿ ಮಾಯವಾಗುವ ಬಿಳಿ ಆವಿ ಬರೀ ನೀರು, ಅದಕ್ಕೆ ಗಾಬರಿ ಬೇಡ.

ಸ್ಟಾರ್ಟ್ ಮಾಡುವ ಮುಂಚೆ ಕೀ ಅರ್ಧ ತಿರುಗಿಸಿ ಡ್ಯಾಶ್‌ಬೋರ್ಡ್ ನೋಡಿ. ಏರ್‌ಬ್ಯಾಗ್ ಲೈಟು, ಎಬಿಎಸ್ ಲೈಟು, ಎಂಜಿನ್ ಲೈಟು ಎಲ್ಲವೂ ಒಮ್ಮೆ ಉರಿಯಬೇಕು. ಏರ್‌ಬ್ಯಾಗ್, ಎಬಿಎಸ್ ಲೈಟು ಕೆಲವು ಕ್ಷಣದಲ್ಲಿ ಆರುತ್ತವೆ, ಎಂಜಿನ್ ಲೈಟು ಸ್ಟಾರ್ಟ್ ಆದ ಮೇಲೆ ಆರಬೇಕು. ಏರ್‌ಬ್ಯಾಗ್ ಲೈಟು ಉರಿಯಲೇ ಇಲ್ಲ ಅಂದರೆ ಅದು ಇನ್ನೂ ಕೆಟ್ಟ ಸುದ್ದಿ. ದೋಷ ಕಾಣದಿರಲಿ ಅಂತ ಯಾರೋ ಲೈಟನ್ನೇ ಕಿತ್ತಿರಬಹುದು. ಇದಕ್ಕಿಂತ ಜಾಣತನದ ಮೋಸವೂ ಇದೆ. ಮಾರುವ ಮುಂಚೆ ಸ್ಕ್ಯಾನರ್ ಹಾಕಿ ದೋಷಗಳನ್ನೆಲ್ಲ ಅಳಿಸಿಬಿಡುತ್ತಾರೆ. ಲೈಟು ಆರುತ್ತದೆ. ಆದರೆ ಅಳಿಸಿದ ಮೇಲೆ ಕಾರಿನ ಕಂಪ್ಯೂಟರ್ ತನ್ನ ಒಳ ಪರೀಕ್ಷೆಗಳನ್ನೆಲ್ಲ ಮತ್ತೆ ಮುಗಿಸಲು ಸಾಕಷ್ಟು ಓಡಬೇಕು. ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಓದುವ ಅಗ್ಗದ ಒಬಿಡಿ ಸ್ಕ್ಯಾನರಿನಲ್ಲೂ ಆ ಪರೀಕ್ಷೆಗಳು ಮುಗಿದಿವೆಯೋ ಇಲ್ಲವೋ ಅಂತ ತೋರಿಸುತ್ತದೆ. ಬಹಳಷ್ಟು ‘ಮುಗಿದಿಲ್ಲ’ ಅಂತ ಬಂದರೆ, ಒಂದೋ ಮೊನ್ನೆ ಬ್ಯಾಟರಿ ಬಿಚ್ಚಿದ್ದಾರೆ, ಇಲ್ಲವೇ ದೋಷ ಅಳಿಸಿದ್ದಾರೆ. ಯಾವುದು ಅಂತ ನೇರವಾಗಿ ಕೇಳಿ.

ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗಿನ ಭಾಗ ನೋಡಿ. ಮೊಸರಿನಂತೆ ಕೆನೆ ಕಟ್ಟಿದ್ದರೆ ನೀರು ಸೇರಿದೆ. ಹತ್ತಿರದ ಓಡಾಟದಿಂದಲೂ ಹೀಗಾಗುತ್ತದೆ, ಎಂಜಿನ್ನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಬಿಗಿ ಪದರ, ಅಂದರೆ ಹೆಡ್ ಗ್ಯಾಸ್ಕೆಟ್ ಹೋದರೂ ಹೀಗಾಗುತ್ತದೆ. ಕೂಲಂಟ್ ಡಬ್ಬಿಯಲ್ಲೂ ಎಣ್ಣೆ ತೇಲುತ್ತಿದ್ದರೆ ಎರಡನೆಯದೇ, ಅಲ್ಲಿಂದ ಹೊರಡಿ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ಮಾತ್ರ ಯಾವತ್ತೂ ತೆಗೆಯಬೇಡಿ.

ಟೈರಿನ ಗೋಡೆ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರಿಗೆ ನಾಲ್ಕು ವರ್ಷ, ಟೈರಿಗೆ ಒಂಬತ್ತು ವರ್ಷ ಅಂತಿದ್ದರೆ ಯಾರೋ ಹಳೇ ಟೈರ್ ತಂದು ತೊಡಿಸಿದ್ದಾರೆ. ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಸಸ್ಪೆನ್ಷನ್ ಎಲ್ಲೋ ಬಾಗಿದೆ. ಗಾಜುಗಳ ಮೂಲೆಯಲ್ಲೂ ತಯಾರಾದ ವರ್ಷದ ಗುರುತು ಇರುತ್ತದೆ. ಎಲ್ಲ ಒಂದು ವರ್ಷದ್ದು, ಒಂದು ಮಾತ್ರ ಬೇರೆ ಅಂದರೆ ಅದನ್ನು ಬದಲಿಸಿದ್ದಾರೆ. ಕಲ್ಲು ಬಿದ್ದಿರಬಹುದು, ಅಪಘಾತವೂ ಆಗಿರಬಹುದು. ಆ ಪಕ್ಕದ ಬಾಗಿಲಿನ ಸಂದು, ಬೋಲ್ಟ್ ತಲೆಯ ಮೇಲಿನ ಸ್ಪ್ಯಾನರ್ ಗೀರು, ರಬ್ಬರ್ ಅಂಚಿಗೆ ಸಿಡಿದ ಪೇಂಟ್ ಹುಡುಕಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಕಾರು ನೀರಿನಲ್ಲಿ ಮುಳುಗಿತ್ತು. ಒಳಗೆಲ್ಲ ಘಮಘಮ ಸುಗಂಧ ಹೊಡೆದಿದ್ದರೂ ಕಾರ್ಪೆಟ್ ಎತ್ತಿ ಮೂಸಿ ನೋಡಿ.

ಓಡಿಸುವಾಗ ರೇಡಿಯೋ ಬಂದ್ ಮಾಡಿ. ಮಾರುವವರು ಪಕ್ಕದಲ್ಲಿ ಮಾತಾಡುತ್ತಲೇ ಇದ್ದರೆ ನಯವಾಗಿ ಸುಮ್ಮನಿರಲು ಹೇಳಿ. ಮ್ಯಾನ್ಯುಅಲ್ ಆದರೆ ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಜೋರಾಗಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಟೋಮ್ಯಾಟಿಕ್ ಆದರೆ ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ತಡ ಆಗುತ್ತದಾ, ಧಡ್ ಅಂತ ಬಡಿಯುತ್ತದಾ ಗಮನಿಸಿ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿ. ಟಕ್ ಟಕ್ ಅಂದರೆ ಚಕ್ರಕ್ಕೆ ಶಕ್ತಿ ದಾಟಿಸುವ ಸಿವಿ ಜಾಯಿಂಟ್ ಹೋಗಿದೆ. ಮಕ್ಕಳ ಸೀಟನ್ನು ಜೊತೆಗೆ ಒಯ್ದು ಕೂರಿಸಿ ನೋಡಿ. ಅದನ್ನು ಹಾಕಿದ ಮೇಲೆ ಮುಂದಿನ ಸೀಟು ಎಷ್ಟು ಮುಂದೆ ಬರುತ್ತದೆ ಅನ್ನುವುದು ಕೂರಿಸಿದರೆ ಮಾತ್ರ ಗೊತ್ತಾಗುವುದು.

ಇಷ್ಟೆಲ್ಲ ಸರಿ ಅನ್ನಿಸಿದ ಮೇಲೂ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಹತ್ತಿರ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ತೋರಿಸಿ. ಅದಕ್ಕೆ ಕೊಡುವ ಕೂಲಿ ಕಾರಿನ ಬೆಲೆ ಮುಂದೆ ಏನೇನೂ ಅಲ್ಲ. ಮಾರುವವರು ಇದಕ್ಕೆ ಒಪ್ಪದಿದ್ದರೆ ಕಾರಣ ಕೇಳುತ್ತಾ ಕೂರಬೇಡಿ, ಬೇರೆ ಕಾರು ನೋಡಿ.

ಮೂರು ಕಾರು ಮುಂದಿಟ್ಟುಕೊಂಡು

ಒಂದೇ ಬೆಲೆಯ ಮೂರು ಕಾರು ಬಂದಿವೆ ಅಂದುಕೊಳ್ಳಿ. ಮೊದಲನೆಯದು ಆರು ವರ್ಷದ ಪೆಟ್ರೋಲ್ ಮ್ಯಾನ್ಯುಅಲ್ ಹ್ಯಾಚ್‌ಬ್ಯಾಕ್. 1,10,000 ಕಿಮೀ ಓಡಿದೆ, ಎಲ್ಲ ಬಿಲ್ಲು ಇದೆ, ಬಂಪರ್ ಮೇಲೆ ಗೀರುಗಳಿವೆ. ಎರಡನೆಯದು ಒಂಬತ್ತು ವರ್ಷದ ಸಿವಿಟಿ ಸೆಡಾನ್. 40,000 ಕಿಮೀ, ಹೊಸದರಂತೆ ಹೊಳೆಯುತ್ತಿದೆ, ಬಿಲ್ಲು ಒಂದೂ ಇಲ್ಲ. ಮೂರನೆಯದು ಐದು ವರ್ಷದ ಡೀಸೆಲ್ ಎಸ್‌ಯುವಿ. 70,000 ಕಿಮೀ ಓಡಿದೆ, ಸರ್ವಿಸ್ ಸರಿಯಾಗಿ ಆಗಿದೆ, ಒಂದು ಪಕ್ಕ ಪೇಂಟ್ ಮಾಡಿಸಿದ್ದಾರೆ.

ಊರೊಳಗಿನ ಓಡಾಟದ ಸಂಸಾರಕ್ಕೆ ನಾನು ಮೊದಲನೆಯದನ್ನೇ ಕೊಡಿಸುತ್ತೇನೆ. ಬಂಪರಿನ ಗೀರು ತೋರಿಸಿ ಬೆಲೆ ಇಳಿಸಬಹುದು, ಗೀರಿನಿಂದ ಕಾರು ನಿಲ್ಲುವುದಿಲ್ಲ. ಕ್ಲಚ್ ಬದಲಿಸುವ ಕಾಲ ಹತ್ತಿರ ಬಂದಿರಬಹುದು, ಪಕ್ಕಕ್ಕಿಟ್ಟ ದುಡ್ಡು ಅದಕ್ಕೇ. ಮನೆಯಲ್ಲಿ ಆಟೋಮ್ಯಾಟಿಕ್ ಬಿಟ್ಟು ಬೇರೆ ಓಡಿಸಲು ಆಗದವರಿದ್ದರೆ ಮಾತ್ರ ಎರಡನೆಯದರ ಮಾತು. ಆಗಲೂ ಚಾಸಿಸ್ ನಂಬರ್ ಹಿಡಿದು ಸರ್ವಿಸ್ ಸೆಂಟರಿನಲ್ಲಿ ಹಳೇ ದಾಖಲೆ ಹುಡುಕಿಸಿ, ಸಿವಿಟಿ ಆಯಿಲ್ ಬದಲಿಸುವ ಖರ್ಚು ಕಳೆದು, ಟೈರು ಹೋಸ್‌ಗಳ ಖರ್ಚೂ ಕಳೆದು ಬೆಲೆ ಕೂಡಿಬಂದರೆ ಸರಿ. ದಿನಾ ಹೆದ್ದಾರಿಯಲ್ಲಿ 80 ಕಿಮೀ ಹೋಗಿ ಬರುವವರಾದರೆ ಮೂರನೆಯದು ಸರಿಹೋಗುತ್ತದೆ. ಪೇಂಟ್ ಆದ ಪಕ್ಕದ ಕೆಳಗಿನ ಚೌಕಟ್ಟು ಬಾಗಿಲ್ಲ ಅಂತ ಲಿಫ್ಟ್ ಮೇಲೆ ಖಾತ್ರಿ ಆದ ಮೇಲೆ.

ಕಾರು ಮನೆಗೆ ಬಂದ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿಬಿಡಿ. ಹಿಂದಿನವರು ಮೊನ್ನೆಯಷ್ಟೇ ಮಾಡಿಸಿದ್ದೀವಿ ಅಂದಿದ್ದರೂ ಸರಿ, ಬಿಲ್ಲು ಕೈಯಲ್ಲಿ ಇಲ್ಲದಿದ್ದರೆ ಮತ್ತೆ ಮಾಡಿಸಿ. ಆ ದಿನದ ಕಿಲೋಮೀಟರ್ ಬರೆದ ಬಿಲ್ಲನ್ನು ಒಂದು ಫೈಲಿನಲ್ಲಿ ಇಡಿ. ಮುಂದೆ ನೀವು ಮಾರುವಾಗ ಕೊಳ್ಳುವವರು ಕೇಳುವುದು ಅದನ್ನೇ.